ಎರಡು ಎಕರೆ ಬೆಳೆಗಾರರೂ ಹೊರದೇಶಕ್ಕೆ ಮಾಲು ಕಳಿಸಬಹುದು: ರೋಸ್ ಈರುಳ್ಳಿ ತೋರಿಸಿದ ದಾರಿ

ಚಿಕ್ಕಬಳ್ಳಾಪುರದ ಕಡೆ ಹೊಲದಲ್ಲಿ ಆಗಷ್ಟೇ ಕಿತ್ತ ರೋಸ್ ಈರುಳ್ಳಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರ, ಕಡು ಗುಲಾಬಿ ಬಣ್ಣ, ಚಪ್ಪಟೆ ಬುಡ, ಕೊಯ್ದರೆ ಕಣ್ಣಲ್ಲಿ ನೀರು ಬರಿಸುವ ಘಾಟು. ನಮ್ಮೂರಿನ ಮನೆಗಳಲ್ಲಿ ಇದನ್ನು ಕೊಳ್ಳುವವರು ಕಮ್ಮಿ. ಸುಲಿಯೋಕೇ ಅರ್ಧ ಗಂಟೆ ಬೇಕು ಅಂತ ಎಲ್ಲರೂ ದೊಡ್ಡ ಈರುಳ್ಳಿಗೇ ಕೈ ಹಾಕುತ್ತಾರೆ. ಇದು ಹೆಚ್ಚಾಗಿ ಹೋಗುವುದು ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಪುರ, ಶ್ರೀಲಂಕಾ ಕಡೆಗೆ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಸಾವಿರಾರು ಸಣ್ಣ ಬೆಳೆಗಾರರ ಬದುಕು ಆ ಹಡಗಿನ ಮೇಲೆ ನಿಂತಿದೆ. 2015ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಭಾಗದ್ದೇ ಮಾಲು ಅನ್ನುವ ಗುರುತು ಕೂಡ ಸಿಕ್ಕಿತು.

2023ರ ಆಗಸ್ಟ್ 19ರಂದು ಕೇಂದ್ರ ಸರ್ಕಾರ ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿತು. ದೇಶದೊಳಗೆ ಈರುಳ್ಳಿ ಬೆಲೆ ಏರದಂತೆ ತಡೆಯುವುದು ಉದ್ದೇಶ. ಆದರೆ ರೋಸ್ ಈರುಳ್ಳಿಯನ್ನು ಇಲ್ಲಿ ತಿನ್ನುವವರೇ ಕಮ್ಮಿ ಇರುವಾಗ ಅದನ್ನು ಹಿಡಿದಿಟ್ಟರೆ ಯಾರ ಅಡುಗೆಮನೆಗೆ ಉಪಯೋಗ? ಬೆಳೆಗಾರರು ಕೇಳಿದ್ದು ಇದೇ ಪ್ರಶ್ನೆ. ಸೆಪ್ಟೆಂಬರ್ 29ಕ್ಕೆ ರೋಸ್ ಈರುಳ್ಳಿಗೆ ಸುಂಕದಿಂದ ವಿನಾಯಿತಿ ಬಂತು. ಮಾಲು ನಿಜವಾಗಿ ರೋಸ್ ಈರುಳ್ಳಿಯೇ, ಪ್ರಮಾಣ ಎಷ್ಟು ಅಂತ ಕರ್ನಾಟಕದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕು ಅನ್ನುವ ಷರತ್ತಿನ ಮೇಲೆ.

ನಾನು ಒಂದು ಸಣ್ಣ ರೈತ ಉತ್ಪಾದಕ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಮನಸ್ಸಿಗೆ ಬಂದಿದ್ದು ಒಂದೇ. ಮಾಲು ಮಾರೋಕೆ ಬೇಕಾದ ಕಾಗದ ಮತ್ತು ಸರ್ಕಾರದ ಮುಂದೆ ನಿಂತು ನಿಯಮ ಬದಲಿಸಿ ಅಂತ ಕೇಳೋಕೆ ಬೇಕಾದ ಕಾಗದ ಬೇರೆ ಬೇರೆ ಏನಲ್ಲ. ಅದೇ ಬಿಲ್ಲು, ಅದೇ ತೂಕ, ಅದೇ ಪಹಣಿ. ಹಾಗಾಗಿ ಈ ಲೇಖನದಲ್ಲಿ ಎರಡನ್ನೂ ಒಟ್ಟಿಗೇ ಹೇಳುತ್ತೇನೆ. ನೀವು ಈರುಳ್ಳಿ ಬೆಳೆಯದಿದ್ದರೂ ಪರವಾಗಿಲ್ಲ. ಮೆಣಸಿನಕಾಯಿ, ಮಾವು, ಸಿರಿಧಾನ್ಯ ಯಾವುದಾದರೂ ದಾರಿ ಬಹುಪಾಲು ಇದೇ.

ಮೊದಲ ಹೆಜ್ಜೆ: ಬಿಳಿ ಚೀಟಿ ಬಿಡಿ

ಮಂಡಿಗೆ ಹೋದವರಿಗೆಲ್ಲ ಬಿಳಿ ಚೀಟಿ ಗೊತ್ತು. ತುಂಡು ಕಾಗದದ ಮೇಲೆ ಮೂಟೆ ಲೆಕ್ಕ, ರೇಟು, ಹಮಾಲಿ, ಸೂಟು (ತೂಕದಲ್ಲಿ ಕಳೆಯುವ ಪಾಲು), ಕಮಿಷನ್ ಎಲ್ಲ ಮುರಿದು ಕೊನೆಗೆ ಒಂದು ಮೊತ್ತ. ಅಂಗಡಿಯ ಹೆಸರಿಲ್ಲ, ನಂಬರಿಲ್ಲ. ಕೈಗೆ ದುಡ್ಡು ಬಂತಲ್ಲ ಅಂತ ನಾವು ಸುಮ್ನೆ ಜೇಬಿಗೆ ಹಾಕಿಕೊಂಡು ಬರುತ್ತೇವೆ. ಆ ಚೀಟಿ ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ. ಬ್ಯಾಂಕಿಗೂ ಆಗಲ್ಲ, ಪರಿಹಾರಕ್ಕೂ ಆಗಲ್ಲ.

ಕರ್ನಾಟಕದ ಎಪಿಎಂಸಿ ಕಾನೂನಿನ ಪ್ರಕಾರ ಕಮಿಷನ್ ಅನ್ನು ಕೊಳ್ಳುವವರಿಂದ ಪಡೆಯಬೇಕು, ರೈತರಿಂದ ಮುರಿಯುವಂತಿಲ್ಲ. ಇದು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತೇ ಇಲ್ಲ. ನಂಬರ್ ಇರುವ ಬಿಲ್ಲು ಕೇಳಿ. ಕೊಡದಿದ್ದರೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಬ್ಬರೇ ಕೇಳಿದರೆ ಮುಂದಿನ ಸಲ ನಿಮ್ಮ ಮಾಲು ಮೂಲೆಗೆ ಬೀಳಬಹುದು ಅನ್ನುವ ಭಯ ಇರುತ್ತದೆ, ಅದು ಸುಳ್ಳೂ ಅಲ್ಲ. ಅದಕ್ಕೇ ಒಂದೇ ಊರಿನ ಹತ್ತು ಜನ ಒಂದೇ ದಿನ ಕೇಳಿ.

ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಸರ್ವೆ ನಂಬರ್, ನಾಟಿ ಮಾಡಿದ ದಿನ, ಯಾವ ಔಷಧಿ ಯಾವತ್ತು ಎಷ್ಟು ಹೊಡೆದಿದ್ದು, ಕಿತ್ತ ದಿನ, ಮೂಟೆ, ತೂಕ, ರೇಟು. ಇಷ್ಟೇ. ಔಷಧಿ ಬಾಟಲಿಯ ಲೇಬಲ್ಲನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ರೈತರ ವಿವರ ಇರುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ ಇದೆಯಾ, ಬೆಳೆ ಸಮೀಕ್ಷೆಯಲ್ಲಿ ನೀವು ಬೆಳೆದ ಬೆಳೆಯೇ ದಾಖಲಾಗಿದೆಯಾ ಅಂತಲೂ ನೋಡಿ. ಹೊಲದಲ್ಲಿ ಈರುಳ್ಳಿ ಇದ್ದು ಪಹಣಿಯಲ್ಲಿ ರಾಗಿ ಅಂತ ಬಂದರೆ ಸರ್ಕಾರದ ಕಣ್ಣಿಗೆ ನೀವು ರಾಗಿ ಬೆಳೆಗಾರರೇ.

ಎರಡನೇ ಹೆಜ್ಜೆ: ಕಂಟೇನರ್ ತುಂಬುವಷ್ಟು ಜನ ಸೇರಿ

40 ಅಡಿಯ ಒಂದು ಕಂಟೇನರ್‌ಗೆ 25 ಟನ್‌ಗಿಂತ ಜಾಸ್ತಿ ಈರುಳ್ಳಿ ಹಿಡಿಯುತ್ತದೆ. ಎಕರೆ, ಎರಡು ಎಕರೆ ಬೆಳೆಯುವವರು ಒಬ್ಬರೇ ಅದನ್ನು ತುಂಬಿಸುವುದು ಆಗದ ಮಾತು. ಅದಕ್ಕೇ ಒಟ್ಟಾಗಬೇಕು.

ಹತ್ತು ಜನ ಬೆಳೆಗಾರರು ಸೇರಿದರೆ ಉತ್ಪಾದಕ ಕಂಪನಿ ನೋಂದಣಿ ಮಾಡಬಹುದು. 2020ರಲ್ಲಿ ಶುರುವಾದ 10,000 ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ ಕನಿಷ್ಠ 300 ಸದಸ್ಯರು ಅಂತ ಇಟ್ಟು, ಮೂರು ವರ್ಷದ ನಿರ್ವಹಣೆಗೆ 18 ಲಕ್ಷ ರೂಪಾಯಿವರೆಗೆ ನೆರವು ಕೊಟ್ಟರು. ನಿಮ್ಮ ತಾಲ್ಲೂಕಿನಲ್ಲಿ ಆಗಲೇ ಒಂದು ಕಂಪನಿ ಇರುವ ಸಾಧ್ಯತೆ ಜಾಸ್ತಿ. ಹೊಸದು ಕಟ್ಟುವ ಮೊದಲು ಅದನ್ನು ಹೋಗಿ ನೋಡಿ. ಹೋದಾಗ ಕೇಳಬೇಕಾದದ್ದು: ಕಳೆದ ವರ್ಷದ ಆಡಿಟ್ ಆಗಿದೆಯಾ? ಸರ್ವಸದಸ್ಯರ ಸಭೆ ನಡೆದಿದೆಯಾ? ಸದಸ್ಯರ ಮಾಲನ್ನು ನಿಜವಾಗಿ ಮಾರಿದ್ದಾರಾ, ಇಲ್ಲ ಬರೀ ಗೊಬ್ಬರದ ಅಂಗಡಿ ನಡೆಸುತ್ತಿದ್ದಾರಾ?

ನನ್ನ ಅನುಭವದಲ್ಲಿ ಗುಂಪು ಒಡೆಯುವುದು ದುಡ್ಡಿನ ವಿಷಯಕ್ಕಿಂತ ಗ್ರೇಡಿಂಗ್ ವಿಷಯಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈರುಳ್ಳಿ ಕಿತ್ತ ಮೇಲೆ ನೆರಳಿನಲ್ಲಿ ಆರಬೇಕು, ಕತ್ತು ಒಣಗಿ ಮುಚ್ಚಿಕೊಳ್ಳಬೇಕು. ಆಮೇಲೆ ಎಲೆಯನ್ನು ಕತ್ತಿನಿಂದ ಸುಮಾರು ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ತೀರಾ ಹತ್ತಿರ ಕತ್ತರಿಸಿದರೆ ಕತ್ತಿನಿಂದಲೇ ಕೊಳೆ ಶುರುವಾಗುತ್ತದೆ. ಯಾರೋ ಒಬ್ಬರು ಮಳೆ ಬರುತ್ತದೆ ಅಂತ ಹಸಿ ಮಾಲನ್ನೇ ಗೋಣಿಗೆ ತುಂಬಿ ತರುತ್ತಾರೆ. ಒಂದು ಮೂಟೆಯೊಳಗಿನ ನಾಲ್ಕು ಹಸಿ ಗೆಡ್ಡೆ ಸಾಕು. ಹಡಗಿನಲ್ಲಿ ಹತ್ತು ದಿನ ಕಳೆಯುವಷ್ಟರಲ್ಲಿ ಪಕ್ಕದ ಮೂಟೆಗಳಿಗೂ ನೀರು ಇಳಿದಿರುತ್ತದೆ. ಆ ಕಡೆ ಬಾಗಿಲು ತೆಗೆದವರು ಇಡೀ ಕಂಟೇನರ್‌ಗೆ ರೇಟು ಕಡಿಮೆ ಮಾಡುತ್ತಾರೆ. ಶ್ರದ್ಧೆಯಿಂದ ಒಣಗಿಸಿದವರಿಗೂ ಅದೇ ಏಟು.

ಹಾಗಾಗಿ ಮೊದಲ ಲೋಡಿಗೂ ಮುಂಚೆ ಒಂದು ಪುಟದ ನಿಯಮ ಬರೆದು ಎಲ್ಲರ ಸಹಿ ಹಾಕಿಸಿ. ಎಷ್ಟು ಮಿಲಿಮೀಟರ್ ಸೈಜು, ಎಷ್ಟು ದಿನ ಒಣಗಿರಬೇಕು, ಪ್ರತಿ ಮೂಟೆಗೆ ಸದಸ್ಯರ ನಂಬರಿನ ಚೀಟಿ ಇರಬೇಕು, ತಿರಸ್ಕಾರವಾದ ಮಾಲು ಯಾರದ್ದೋ ಅವರಿಗೇ ವಾಪಸ್ಸು. ಅಣ್ಣ ತಮ್ಮಂದಿರ ನಡುವೆ ಇದೆಲ್ಲ ಯಾಕೆ ಅಂತ ಹಿರಿಯರು ಕೇಳಬಹುದು. ಅಣ್ಣ ತಮ್ಮಂದಿರಾಗಿಯೇ ಉಳಿಯಬೇಕಾದರೆ ಇದು ಬೇಕು.

ಮೂರನೇ ಹೆಜ್ಜೆ: ಕಾಗದಗಳು

ಇದನ್ನು ಕಂಡು ಹೆದರಬೇಡಿ, ಒಂದು ವಾರ ಕೂತರೆ ಬಹುತೇಕ ಮುಗಿಯುತ್ತದೆ.

ಐಇಸಿ ಅಂದರೆ ಆಮದು ರಫ್ತು ಕೋಡ್. ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಇದ್ದರೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿ ಮಾಡಿಸಿಕೊಳ್ಳಬಹುದು. ಏಜೆಂಟರಿಗೆ ಐದಾರು ಸಾವಿರ ಕೊಡುವ ಅಗತ್ಯ ಇಲ್ಲವೇ ಇಲ್ಲ. ಒಂದು ಮಾತು ಮಾತ್ರ ನೆನಪಿಡಿ. ಏನೂ ಬದಲಾವಣೆ ಇಲ್ಲದಿದ್ದರೂ ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದೇ ಜಾಲತಾಣಕ್ಕೆ ಹೋಗಿ ವಿವರ ದೃಢಪಡಿಸಬೇಕು. ನಾವು ಒಂದು ವರ್ಷ ಮರೆತೆವು. ಮಾಲು ಗ್ರೇಡ್ ಆಗಿ ಶೆಡ್ಡಿನಲ್ಲಿ ನಿಂತಿತ್ತು, ಕೋಡ್ ನಿಷ್ಕ್ರಿಯ ಅಂತ ಬಂದರಿನಲ್ಲಿ ನಮ್ಮ ಕಸ್ಟಮ್ಸ್ ಕೆಲಸ ನೋಡುವ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡಿದರು. ಸರಿಪಡಿಸಿಕೊಳ್ಳುವಷ್ಟರಲ್ಲಿ ಆ ಹಡಗು ತಪ್ಪಿತ್ತು. ಅವತ್ತಿನಿಂದ ಕಚೇರಿ ಗೋಡೆಯ ಕ್ಯಾಲೆಂಡರಿನಲ್ಲಿ ಏಪ್ರಿಲ್ ಪುಟಕ್ಕೆ ಕೆಂಪು ಗುರುತು ಹಾಕಿರುತ್ತೇನೆ.

ಮುಂದಿನದು ಅಪೇಡಾ, ಅಂದರೆ ಕೃಷಿ ಉತ್ಪನ್ನ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಪ್ರಾಧಿಕಾರದ ನೋಂದಣಿ, ಆ ಪ್ರಮಾಣಪತ್ರಕ್ಕೆ ಆರ್‌ಸಿಎಂಸಿ ಅಂತಾರೆ. ಹಣ್ಣು, ತರಕಾರಿ, ಧಾನ್ಯಕ್ಕೆ ಅಪೇಡಾ. ಮೆಣಸಿನಕಾಯಿ, ಏಲಕ್ಕಿ, ಅರಿಶಿನಕ್ಕೆ ಸಂಬಾರ ಮಂಡಳಿ. ಕಾಫಿಗೆ ಬೆಂಗಳೂರಿನಲ್ಲೇ ಇರುವ ಕಾಫಿ ಮಂಡಳಿ. ಜೊತೆಗೆ ಆಹಾರ ಸುರಕ್ಷತೆಯ ಕೇಂದ್ರ ಲೈಸೆನ್ಸ್, ಆಹಾರ ಸುರಕ್ಷತಾ ಪ್ರಾಧಿಕಾರದ ಫಾಸ್ಕೋಸ್ ಪೋರ್ಟಲ್‌ನಲ್ಲಿ. ಬ್ಯಾಂಕಿನಿಂದ ಎಡಿ ಕೋಡ್, ಅಂದರೆ ರಫ್ತಿನ ದುಡ್ಡು ಬರುವ ಬ್ಯಾಂಕ್ ಶಾಖೆಯ ಸಂಖ್ಯೆ ಪಡೆದು ನೀವು ಬಳಸುವ ಬಂದರಿನಲ್ಲಿ ದಾಖಲಿಸಬೇಕು. ಹಸಿ ತರಕಾರಿಗೆ ಪ್ರತಿ ಲೋಡಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಂದರಿನಲ್ಲಿ ಎಲ್ಲರೂ ಅದನ್ನು ಫೈಟೋ ಅಂತಲೇ ಕರೆಯುತ್ತಾರೆ.

ಎಲ್ಲಿ ಕೇಳುವುದು ಅಂದರೆ, ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ಎರಡು ಸಂಸ್ಥೆಗಳಿವೆ. ಕೆಪೆಕ್ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತಿಗೆ ಇರುವ ನಿಗಮ. ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ ಹೊಸ ರಫ್ತುದಾರರಿಗೆ ತರಬೇತಿ ಕೊಡುತ್ತದೆ. ಒಣಗಿಸುವ, ಪುಡಿ ಮಾಡುವ ಸಣ್ಣ ಘಟಕ ಹಾಕುವ ಯೋಚನೆ ಇದ್ದರೆ ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯ ಬಗ್ಗೆಯೂ ಕೆಪೆಕ್‌ನಲ್ಲೇ ವಿಚಾರಿಸಿ.

ಇಷ್ಟೆಲ್ಲ ಹೇಳಿದರೂ ಮೊದಲ ವರ್ಷವೇ ನಿಮ್ಮ ಹೆಸರಿನಲ್ಲಿ ಕಂಟೇನರ್ ಕಳಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮೊದಲ ವರ್ಷ ಗ್ರೇಡ್ ಮಾಡಿದ ಮಾಲನ್ನು ಈಗಾಗಲೇ ರಫ್ತು ಮಾಡುತ್ತಿರುವವರಿಗೆ ನೇರವಾಗಿ ಮಾರಿ. ಅವರ ಜೊತೆ ಒಮ್ಮೆ ಚೆನ್ನೈಗೆ ಹೋಗಿ, ಕಂಟೇನರ್ ತುಂಬುವುದನ್ನು ನಿಂತು ನೋಡಿ. ಎರಡನೇ ವರ್ಷ ಒಂದೇ ಒಂದು ಕಂಟೇನರ್ ನಿಮ್ಮದು ಇರಲಿ.

ನಾಲ್ಕನೇ ಹೆಜ್ಜೆ: ಕೊಳ್ಳುವ ದೇಶದ ನಿಯಮವನ್ನು ಔಷಧಿ ಹೊಡೆಯುವ ಮೊದಲೇ ಓದಿ

ಮಾಲು ರೆಡಿ ಆದ ಮೇಲೆ ನಿಯಮ ಓದಿದರೆ ಏನೂ ಮಾಡೋಕಾಗಲ್ಲ. ಯುರೋಪ್ ಒಕ್ಕೂಟದಲ್ಲಿ ಒಂದು ಕೀಟನಾಶಕಕ್ಕೆ ಪ್ರತ್ಯೇಕ ಮಿತಿ ಇಟ್ಟಿಲ್ಲ ಅಂದರೆ ಕೆಜಿಗೆ 0.01 ಮಿಲಿಗ್ರಾಂ ಅನ್ನುವುದೇ ಮಿತಿ. ಒಂದು ಕ್ವಿಂಟಲ್ ಮಾಲಿನಲ್ಲಿ ಒಂದು ಮಿಲಿಗ್ರಾಂ. ಇಲ್ಲಿ ಅಂಗಡಿಯವರು ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಕೊಟ್ಟ ಔಷಧಿ ಅಲ್ಲಿ ಇಡೀ ಲೋಡನ್ನು ನಿಲ್ಲಿಸಬಹುದು. ಮೆಣಸಿನಕಾಯಿಯಲ್ಲಿ ಇನ್ನೊಂದು ತಲೆನೋವು ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನಿಂದ ಹುಟ್ಟುವ ವಿಷ. ಬ್ಯಾಡಗಿ ಕಡೆಯವರಿಗೆ ಇದು ಗೊತ್ತಿದೆ. ನೆಲದ ಮೇಲೆ ಹರಡುವ ಬದಲು ಟಾರ್ಪಾಲಿನ ಮೇಲೆ ಒಣಗಿಸಿ ರಾತ್ರಿ ಇಬ್ಬನಿ ಬೀಳದಂತೆ ಮುಚ್ಚಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಕೊಳ್ಳುವವರ ಹತ್ತಿರ ಅವರ ದೇಶದ ಮಿತಿಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಅದನ್ನು ತೋಟಗಾರಿಕೆ ಇಲಾಖೆಯವರಿಗೋ ಕೃಷಿ ವಿಜ್ಞಾನ ಕೇಂದ್ರದವರಿಗೋ ತೋರಿಸಿ, ಯಾವ ಔಷಧಿ ಹೊಡೆಯಬಹುದು, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಬರೆಸಿಕೊಳ್ಳಿ.

ಇನ್ನೊಂದು ಉಚಿತ ಸೌಲಭ್ಯ ಇದೆ, ನಮ್ಮಲ್ಲಿ ಬಳಸುವವರು ತೀರಾ ಕಮ್ಮಿ. ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯ ದೇಶಗಳು ಆಹಾರ ಸುರಕ್ಷತೆಯ ಹೊಸ ನಿಯಮ ತರುವ ಮೊದಲು ಅದರ ಕರಡನ್ನು ತಿಳಿಸಬೇಕು, ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಇ-ಪಿಂಗ್ ಅನ್ನುವ ತಾಣದಲ್ಲಿ ನಿಮ್ಮ ಬೆಳೆ ಮತ್ತು ದೇಶ ಆರಿಸಿಟ್ಟರೆ ಅಂಥ ಕರಡು ಬಂದ ಕೂಡಲೇ ಇಮೇಲ್ ಬರುತ್ತದೆ. ಇಂಗ್ಲಿಷಿನಲ್ಲಿರುತ್ತದೆ ನಿಜ. ಊರಿನಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದಾರಲ್ಲ, ಅವರ ಕೈಗೆ ಈ ಕೆಲಸ ಕೊಡಿ.

ಐದನೇ ಹೆಜ್ಜೆ: ದಿಲ್ಲಿಯ ಆದೇಶಗಳ ಮೇಲೆ ಕಣ್ಣಿಡಿ

ಈರುಳ್ಳಿ ಕಥೆ ಸೆಪ್ಟೆಂಬರ್ ವಿನಾಯಿತಿಗೆ ಮುಗಿಯಲಿಲ್ಲ. 2023ರ ಡಿಸೆಂಬರ್ 8ರಿಂದ ಈರುಳ್ಳಿ ರಫ್ತಿಗೇ ನಿಷೇಧ ಬಂತು, ಆಗ ರೋಸ್ ಈರುಳ್ಳಿಗೂ ಬಾಗಿಲು ಮುಚ್ಚಿತು. 2024ರ ಮೇ 4ಕ್ಕೆ ನಿಷೇಧ ತೆಗೆದರು, ಆದರೆ ಟನ್ನಿಗೆ 550 ಡಾಲರ್ ಕನಿಷ್ಠ ರಫ್ತು ಬೆಲೆ (ಅದಕ್ಕಿಂತ ಕಡಿಮೆಗೆ ಹೊರದೇಶಕ್ಕೆ ಮಾರುವಂತಿಲ್ಲ) ಮತ್ತು ಶೇ 40 ಸುಂಕ ಇಟ್ಟರು. ಅದೇ ತಿಂಗಳ ಕೊನೆಯಲ್ಲಿ ರೋಸ್ ಈರುಳ್ಳಿಗೆ ಮತ್ತೆ ಸುಂಕ ವಿನಾಯಿತಿ. ಸೆಪ್ಟೆಂಬರ್‌ನಲ್ಲಿ ಕನಿಷ್ಠ ಬೆಲೆ ಹೋಯಿತು, ಸುಂಕ ಶೇ 20ಕ್ಕೆ ಇಳಿಯಿತು. 2025ರ ಏಪ್ರಿಲ್ 1ರಿಂದ ಸುಂಕವೂ ಇಲ್ಲ. ಎರಡು ವರ್ಷ ತುಂಬುವ ಮೊದಲೇ ಇಷ್ಟು ಸಲ ಬದಲಾದರೆ ನಾಟಿ ಮಾಡುವವರು ಯಾವ ಲೆಕ್ಕ ಹಾಕಬೇಕು? ನನಗೆ ನಿಜಕ್ಕೂ ಬೇಸರ ತರಿಸುವುದು ಇದು. ನಗರದವರಿಗೆ ಈರುಳ್ಳಿ ಕೈಗೆಟುಕಬೇಕು ಅನ್ನುವುದರಲ್ಲಿ ತಪ್ಪಿಲ್ಲ, ಆದರೆ ಅದರ ಇಡೀ ಭಾರ ಹೊಲದ ಮೇಲೆ ರಾತ್ರೋರಾತ್ರಿ ಬೀಳಬಾರದು.

ಯಾವ ಆದೇಶ ಎಲ್ಲಿಂದ ಬರುತ್ತದೆ ಅಂತ ತಿಳಿದಿರಬೇಕು. ನಿಷೇಧ, ಕನಿಷ್ಠ ರಫ್ತು ಬೆಲೆ ಇವು ವಾಣಿಜ್ಯ ಸಚಿವಾಲಯದ ಕೆಳಗಿನ ಡಿಜಿಎಫ್‌ಟಿಯಿಂದ ಬರುತ್ತವೆ. ಸುಂಕ ಹಣಕಾಸು ಸಚಿವಾಲಯದಿಂದ. ಪೇಟೆಯ ಬೆಲೆ ನೋಡುತ್ತ ಈರುಳ್ಳಿ ದಾಸ್ತಾನು ಇಡುವುದು ಗ್ರಾಹಕ ವ್ಯವಹಾರಗಳ ಇಲಾಖೆ. ಸುಂಕದ ಬಗ್ಗೆ ಡಿಜಿಎಫ್‌ಟಿಗೆ ಪತ್ರ ಬರೆದರೆ ಅದು ಇನ್ನೊಂದು ಮೇಜಿಗೆ ಹೋಗುವುದರಲ್ಲೇ ಒಂದು ತಿಂಗಳು ಕಳೆಯುತ್ತದೆ.

ಹೊರದೇಶದ ಕೊಳ್ಳುವವರ ಜೊತೆ ಒಪ್ಪಂದ ಮಾಡುವಾಗ ಈ ಒಂದು ಸಾಲು ಬಿಡಬೇಡಿ: ಒಪ್ಪಂದದ ನಂತರ ಹೊಸ ಸುಂಕ ಬಂದರೆ ಅದನ್ನು ಯಾರು ಕಟ್ಟಬೇಕು, ನಿಷೇಧ ಬಂದರೆ ಮುಂಗಡದ ಗತಿ ಏನು. ಮಾಲನ್ನು ಬಂದರಿನಲ್ಲಿ ಕಸ್ಟಮ್ಸ್‌ಗೆ ಒಪ್ಪಿಸಿದ ದಿನ, ಗಂಟೆ ಇರುವ ರಸೀದಿಯನ್ನೂ ಜೋಪಾನ ಮಾಡಿ. ನಿಷೇಧದ ಆದೇಶ ಹೊರಡುವ ಮೊದಲೇ ಒಪ್ಪಿಸಿದ ಮಾಲನ್ನು ಬಿಡುವ ಪದ್ಧತಿ ಇದೆ, 2023ರ ಡಿಸೆಂಬರ್ ಆದೇಶದಲ್ಲೂ ಇತ್ತು. ಆ ರಸೀದಿ ಇಲ್ಲದವರ ಮಾಲು ಯಾರ್ಡಿನಲ್ಲೇ ನಿಲ್ಲುತ್ತದೆ.

ಆರನೇ ಹೆಜ್ಜೆ: ಮನವಿ ಬರೆಯುವುದು

ಮನವಿ ಅಂದರೆ ನಮ್ಮಲ್ಲಿ ಶಾಲು, ಹಾರ, ಫೋಟೊ ಅಂತಾಗಿದೆ. ಫೋಟೊ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ಕಾಗದದಲ್ಲಿ ಏನಿದೆ ಅನ್ನುವುದು ಮುಖ್ಯ. ರೈತರು ಸಂಕಷ್ಟದಲ್ಲಿದ್ದಾರೆ ಅಂತ ಬರೆದರೆ ಓದುವ ಅಧಿಕಾರಿಗೆ ಅದರಿಂದ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಅವರು ಕಡತದಲ್ಲಿ ಬರೆದು ಮೇಲಕ್ಕೆ ಕಳಿಸಲು ಒಂದು ಕಾರಣ ಬೇಕು, ದುರುಪಯೋಗ ಆಗುವುದಿಲ್ಲ ಅನ್ನುವ ಭರವಸೆ ಬೇಕು, ಹಿಂದೆ ಹೀಗೆ ಮಾಡಿದ್ದಾರೆ ಅನ್ನುವ ಉದಾಹರಣೆ ಬೇಕು. ರೋಸ್ ಈರುಳ್ಳಿ ವಿಷಯದಲ್ಲಿ ಮೂರೂ ಇದ್ದವು. 2019ರ ನಿಷೇಧದಲ್ಲಿ ಚೆನ್ನೈ ಬಂದರಿನಿಂದ 9,000 ಟನ್‌ಗೆ ಅವಕಾಶ ಕೊಟ್ಟಿದ್ದರು. 2020ರಲ್ಲಿ 10,000 ಟನ್. ಎರಡು ಸಲವೂ ತೋಟಗಾರಿಕೆ ಇಲಾಖೆಯ ಪ್ರಮಾಣಪತ್ರದ ಷರತ್ತು.

ಒಂದೇ ಪುಟ ಸಾಕು. ಹೀಗೆ ಬರೆಯಬಹುದು:

"ಮಾನ್ಯರೇ, ನಮ್ಮ ಕಂಪನಿಯ ಇಷ್ಟು ಸದಸ್ಯರು ಈ ತಾಲ್ಲೂಕಿನಲ್ಲಿ ಇಷ್ಟು ಎಕರೆಯಲ್ಲಿ ಈ ತಳಿ ಬೆಳೆದಿದ್ದೇವೆ. ಸರ್ವೆ ನಂಬರ್‌ಗಳ ಪಟ್ಟಿ ಲಗತ್ತಿಸಿದೆ. ಕಳೆದ ಮೂರು ವರ್ಷದ ನಮ್ಮ ಮಾರಾಟದಲ್ಲಿ ಇಷ್ಟು ಭಾಗ ಹೊರದೇಶಕ್ಕೆ ಹೋಗಿದೆ, ಬಿಲ್ಲುಗಳ ಪ್ರತಿ ಇದೆ. ಈ ಮಾಲು ಸ್ಥಳೀಯ ಪೇಟೆಯಲ್ಲಿ ಕಡಿಮೆ ಬಳಕೆಯಾಗುವುದರಿಂದ ರಫ್ತು ತಡೆದರೂ ಇಲ್ಲಿನ ಬೆಲೆ ಇಳಿಯುವುದಿಲ್ಲ. ಇಂಥ ದಿನಾಂಕದೊಳಗೆ ಇಷ್ಟು ಟನ್‌ಗೆ, ಇಂಥ ಬಂದರಿನ ಮೂಲಕ, ಇಲಾಖೆಯ ಪ್ರಮಾಣಪತ್ರದ ಮೇಲೆ ಅವಕಾಶ ಕೊಡಬೇಕಾಗಿ ವಿನಂತಿ. ಹಿಂದೆ ಇಂಥ ವರ್ಷ ಹೀಗೆ ಅವಕಾಶ ನೀಡಲಾಗಿತ್ತು."

ಮೊದಲ ಹೆಜ್ಜೆಯಲ್ಲಿ ಬಿಲ್ಲು, ನೋಟ್‌ಬುಕ್, ಪಹಣಿ ಅಂದೆನಲ್ಲ, ಅವೆಲ್ಲ ಇಲ್ಲಿ ಬಂದು ಕೂರುತ್ತವೆ. ಬಿಳಿ ಚೀಟಿ ಇಟ್ಟುಕೊಂಡು ಈ ಪುಟ ಬರೆಯೋಕಾಗಲ್ಲ. ಮತ್ತೆ, ಸುಳ್ಳು ಅಂಕಿ ಬರೆಯಬೇಡಿ. ಒಂದು ಸಲ ಸಿಕ್ಕಿಬಿದ್ದರೆ ಮುಂದಿನ ಹತ್ತು ವರ್ಷ ಆ ಭಾಗದ ಯಾರ ಮಾತನ್ನೂ ನಂಬುವುದಿಲ್ಲ.

ಕೊಡುವುದು ಎಲ್ಲಿ? ಜಿಲ್ಲೆಯ ತೋಟಗಾರಿಕೆ ಉಪನಿರ್ದೇಶಕರಿಂದ ಶುರು ಮಾಡಿ, ಲಾಲ್‌ಬಾಗ್‌ನಲ್ಲಿರುವ ತೋಟಗಾರಿಕೆ ಇಲಾಖೆಯ ಕೇಂದ್ರ ಕಚೇರಿಗೆ ಒಂದು ಪ್ರತಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಫ್ತು ಉತ್ತೇಜನ ಸಮಿತಿ ಅಂತ ಇದೆ, ಅದರ ಸಭೆಗೆ ನಿಮ್ಮ ವಿಷಯ ಸೇರಿಸಿ ಅಂತ ಬರೆದು ಕೇಳಿ. ಜಿಲ್ಲಾ ಕೈಗಾರಿಕಾ ಕೇಂದ್ರದವರಿಗೆ ಆ ಸಭೆ ಯಾವತ್ತು ಅಂತ ಗೊತ್ತಿರುತ್ತದೆ. ಸಂಸದರಿಗೆ ಒಂದು ಪ್ರತಿ, ಬೆಂಗಳೂರಿನ ಅಪೇಡಾ ಕಚೇರಿಗೆ ಒಂದು ಪ್ರತಿ. ಎಲ್ಲ ಕಡೆ ಸ್ವೀಕೃತಿ ಮುದ್ರೆ. ಹದಿನೈದು ದಿನಕ್ಕೊಮ್ಮೆ ಹೋಗಿ ಕಡತ ಎಲ್ಲಿದೆ ಅಂತ ಕೇಳಿ, ಜಗಳ ಬೇಡ. 2025ರ ಜನವರಿಯಲ್ಲಿ ವಿದೇಶ ವ್ಯಾಪಾರ ನೀತಿಗೇ ತಿದ್ದುಪಡಿ ತಂದು, ನೀತಿ ಬದಲಿಸುವ ಮೊದಲು ಸಂಬಂಧಪಟ್ಟವರ ಅಭಿಪ್ರಾಯ ಕೇಳುವ ಕ್ರಮ ಸೇರಿಸಿದ್ದಾರೆ. ತುರ್ತು ಸಂದರ್ಭದಲ್ಲಿ ಕೇಳದೆಯೂ ಮಾಡಬಹುದು. ಆದರೂ ಕೇಳಿದಾಗ ದೊಡ್ಡ ರಫ್ತುದಾರರ ಸಂಘಗಳು ಮಾತ್ರ ಉತ್ತರ ಕೊಟ್ಟರೆ ಸಣ್ಣವರ ಕಷ್ಟ ಕಡತಕ್ಕೆ ಬರುವುದೇ ಇಲ್ಲ, ಅಲ್ವಾ?

ಕೊನೆಗೆ ದುಡ್ಡಿನ ಮಾತು

ಪರಿಚಯವಿಲ್ಲದ ಕೊಳ್ಳುವವರಿಗೆ ಸಾಲಕ್ಕೆ ಮಾಲು ಕಳಿಸಬೇಡಿ. ಮೊದಲ ಲೋಡಿಗೆ ಮುಂಗಡ ತೆಗೆದುಕೊಳ್ಳಿ, ಉಳಿದದ್ದು ಬ್ಯಾಂಕಿನ ಮೂಲಕ, ಮಾಲು ಬಿಡಿಸಿಕೊಳ್ಳುವ ಕಾಗದವನ್ನು ಅವರ ಕೈಗೆ ಕೊಡುವ ಮೊದಲು ಬರಲಿ. ಸ್ವಲ್ಪ ದೊಡ್ಡ ವ್ಯವಹಾರ ಆದಾಗ ಇಸಿಜಿಸಿಯ ರಫ್ತು ಸಾಲ ವಿಮೆ ಮಾಡಿಸಿ. ಅದು ಕೇಂದ್ರ ಸರ್ಕಾರದ ಕಂಪನಿ, ಕೊಳ್ಳುವವರು ದುಡ್ಡು ಕೊಡದಿದ್ದರೆ ಹೆಚ್ಚಿನ ಭಾಗ ತುಂಬಿಕೊಡುತ್ತದೆ.

ಎಲ್ಲ ಮಾಲನ್ನೂ ಹಡಗಿಗೇ ಕಟ್ಟಿಡಬೇಡಿ. ಸೈಜು ಬರದ ಗೆಡ್ಡೆ, ಜೋಡಿ ಗೆಡ್ಡೆ ಹೇಗೂ ಹೊರದೇಶಕ್ಕೆ ಹೋಗುವುದಿಲ್ಲ. ಅವಕ್ಕೆ ಸಾಂಬಾರ್ ಈರುಳ್ಳಿ ಕೊಳ್ಳುವ ಹೋಟೆಲಿನವರನ್ನು ಹುಡುಕಿ. ರೋಸ್ ಈರುಳ್ಳಿ ಹಾಕಿದವರು ಪಕ್ಕದ ತುಂಡಿನಲ್ಲಿ ಇಲ್ಲೇ ಖರ್ಚಾಗುವ ಒಂದು ಬೆಳೆ ಇಡಿ. ಮತ್ತೊಂದು ಡಿಸೆಂಬರ್ 8 ಬಂದರೆ ಆ ತುಂಡು ಮನೆ ನಡೆಸುತ್ತದೆ, ನೀವು ಲಾಲ್‌ಬಾಗಿಗೆ ಓಡಾಡುವ ಬಸ್ ಚಾರ್ಜೂ ಅದರಿಂದಲೇ ಬರುತ್ತದೆ.